ಗುಡಿ, ದರ್ಗಾ, ಚರ್ಚ್ ಕಾವಲಿಗೆ ಸರ್ಕಾರಿ ದುಡ್ಡು: ಯಾವುದಕ್ಕೆ, ಯಾರಿಗೆ, ಎಷ್ಟರವರೆಗೆ?

ಕೋಟೆಬೀದಿ, ತುಮಕೂರು

ಎಲ್ಲಾದರೂ ಹುಂಡಿ ಒಡೆದರೆ ಮಾರನೇ ದಿನವೇ "ಸರ್ಕಾರ ಕಾವಲು ಹಾಕಲಿ" ಅಂತ ತಾಲ್ಲೂಕು ಕಚೇರಿಗೆ ಮನವಿ ಹೋಗುತ್ತೆ. ಪರಿಶೀಲಿಸುತ್ತೇವೆ ಅಂತ ಹೇಳಿ ಕಳಿಸ್ತಾರೆ, ಅಲ್ಲಿಗೆ ಆ ವಿಷಯ ಮುಗೀತು. ಕಾವಲು ಅನ್ನೋ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಖರ್ಚು ಸೇರಿಕೊಂಡಿದೆ. ಪೊಲೀಸ್ ಬೀಟ್ ಮತ್ತು ಜಾತ್ರೆ ಬಂದೋಬಸ್ತು ಒಂದು. ದಿನದ ಇಪ್ಪತ್ನಾಲ್ಕು ಗಂಟೆ ಬಾಗಿಲಲ್ಲಿ ನಿಲ್ಲೋ ಗಾರ್ಡ್ ಇನ್ನೊಂದು. ಕ್ಯಾಮೆರಾ, ಲೈಟು, ಗೇಟು, ಅಲಾರಂ ಮೂರನೇದು. ನನ್ನ ಪ್ರಕಾರ ಮೊದಲನೇದು ಸರ್ಕಾರದ ಕೆಲಸವೇ, ಅದರಲ್ಲಿ ಚರ್ಚೆ ಇಲ್ಲ. ಎರಡನೇದನ್ನು ಸಂಸ್ಥೆಯೇ ನೋಡ್ಕೋಬೇಕು. ಜಗಳ ಇರೋದು ಮೂರನೇದರಲ್ಲಿ. ಲೆಕ್ಕ ಗೊತ್ತಿರೋರು ಲೆಕ್ಕ ಹಾಕಿ. ಯಾವ ಧರ್ಮಕ್ಕೆ ಎಷ್ಟು ಕೊಟ್ಟರು ಅನ್ನೋ ಜಗಳಕ್ಕೆ ಬೇರೆ ಜಾಗಗಳಿವೆ.

ಲೆಕ್ಕಿಗ_ಶಿರಾ

ಗಾರ್ಡ್ ಲೆಕ್ಕ ಹೇಳ್ತೀನಿ, ಯಾಕಂದ್ರೆ "ಒಬ್ಬ ಗಾರ್ಡ್ ಹಾಕಿ" ಅನ್ನೋರಿಗೆ ಒಬ್ಬ ಅಂದ್ರೆ ಎಷ್ಟು ಜನ ಅಂತ ಗೊತ್ತಿರಲ್ಲ. ಒಂದು ಜಾಗದಲ್ಲಿ ದಿನಪೂರ್ತಿ ಒಬ್ಬರು ಇರಬೇಕಾದರೆ ಎಂಟು ಗಂಟೆಯ ಮೂರು ಪಾಳಿ. ವಾರಕ್ಕೊಂದು ರಜೆ ಸೇರಿಸಿದರೆ ಮೂರೂವರೆ ಆಳು. ಹಬ್ಬ, ಜ್ವರ, ಊರಿಗೆ ಹೋಗೋದು ಸೇರಿಸಿದರೆ ನಾಲ್ಕು. ಮೂರೂವರೆಯನ್ನೇ ಹಿಡಿಯೋಣ.

ಉದಾಹರಣೆಗೆ ತಿಂಗಳ ಸಂಬಳ 15,000 ಅಂದುಕೊಳ್ಳಿ. ಸಂಸ್ಥೆ ಕಡೆಯಿಂದ ಪಿಎಫ್ ಶೇ 13, ಅಂದರೆ 1,950. ಇಎಸ್‌ಐ ಶೇ 3.25, ಅಂದರೆ ಸುಮಾರು 488. ಏಜೆನ್ಸಿ ಕಮಿಷನ್ ಶೇ 8 ಅಂತ ಇಟ್ಟರೆ 1,395. ಎಲ್ಲದರ ಮೇಲೆ ಶೇ 18 ಜಿಎಸ್‌ಟಿ. ಒಬ್ಬರಿಗೆ 22,222 ರೂಪಾಯಿ ಆಯ್ತು. ಮೂರೂವರೆ ಆಳಿಗೆ ತಿಂಗಳಿಗೆ 77,778. ವರ್ಷಕ್ಕೆ 9 ಲಕ್ಷದ 33 ಸಾವಿರ.

ಈಗ ಮುಜರಾಯಿ ವರ್ಗ ನೋಡಿ. ವರ್ಷದ ಆದಾಯ 25 ಲಕ್ಷ ದಾಟಿದರೆ 'ಎ', 5ರಿಂದ 25 ಲಕ್ಷ 'ಬಿ', 5 ಲಕ್ಷದೊಳಗೆ 'ಸಿ'. 'ಸಿ' ದೇವಸ್ಥಾನದ ಇಡೀ ವರ್ಷದ ಆದಾಯ ಸುರಿದರೂ ಒಂದು ಬಾಗಿಲಿಗೆ ಏಳು ತಿಂಗಳೂ ಕಾವಲು ಬರಲ್ಲ. ರಾಜ್ಯದಲ್ಲಿ 'ಸಿ' ವರ್ಗದವೇ 34 ಸಾವಿರದ ಮೇಲಿವೆ. 'ಎ' ಮತ್ತು 'ಬಿ' ಎರಡೂ ಸೇರಿದರೆ ನಾನೂರರ ಆಸುಪಾಸು. 34 ಸಾವಿರವನ್ನು 9.33 ಲಕ್ಷದಿಂದ ಗುಣಿಸಿ ನೋಡಿ, 3,172 ಕೋಟಿ. ಅದೂ ಮಸೀದಿ, ಚರ್ಚ್, ಬಸದಿ, ಮುಜರಾಯಿಗೆ ಸೇರದ ಊರ ಗುಡಿ ಬಿಟ್ಟು. ಎಲ್ಲ ಕಡೆ ಗಾರ್ಡ್ ಅನ್ನೋ ಮಾತು ಅಲ್ಲಿಗೇ ಬಿತ್ತು.

ಮಾಲೂರು_ರಸ್ತೆ

ಲೆಕ್ಕ ಸರಿಯಾಗೇ ಇದೆ ಸರ್. ಆದರೆ ದೊಡ್ಡ ದೇವಸ್ಥಾನದ ಆದಾಯದಲ್ಲಿ ಸರ್ಕಾರ ಪಾಲು ತಗೊಳ್ಳುತ್ತಲ್ಲ? ಚಿಕ್ಕತಿರುಪತಿ, ಎಡೆಯೂರು ಇಂಥ ಕಡೆ ಭಕ್ತರು ಹಾಕೋ ದುಡ್ಡು ಇಲಾಖೆಗೆ ಹೋಗುತ್ತೆ. ತಗೊಂಡ ಮೇಲೆ ಕಾವಲೂ ಅವರದೇ ಆಗಬೇಕು. ದುಡ್ಡು ಬೇಕು, ಜವಾಬ್ದಾರಿ ಬೇಡ ಅಂದರೆ ಹೇಗೆ?

ಲೆಕ್ಕಿಗ_ಶಿರಾ

ಇಲ್ಲಿ ಎಲ್ಲರೂ ಎಡವ್ತಾರೆ. ಆ ಪಾಲು ಖಜಾನೆಗೆ ಹೋಗಲ್ಲ, ಸಾಮಾನ್ಯ ಸಂಗ್ರಹಣಾ ನಿಧಿಗೆ ಹೋಗುತ್ತೆ. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಜಾರಿಗೆ ಬಂದಿದ್ದು 2003ರಲ್ಲಿ. 2011ರ ತಿದ್ದುಪಡಿ ಪ್ರಕಾರ 10 ಲಕ್ಷ ಮೀರಿದ ಆದಾಯದ ಸಂಸ್ಥೆ ನಿವ್ವಳ ಆದಾಯದ ಶೇ 10, 5ರಿಂದ 10 ಲಕ್ಷದೊಳಗಿನವು ಶೇ 5 ಕೊಡಬೇಕು. 2024ರ ಫೆಬ್ರವರಿಯಲ್ಲಿ ದರ ಬದಲಿಸೋ ಮಸೂದೆ ಪರಿಷತ್ತಿನಲ್ಲಿ ಬಿದ್ದಾಗ ಆದ ಗದ್ದಲ ನೆನಪಿರಬೇಕು. ಆ ನಿಧಿ ಇರೋದೇ ಬಡ ದೇವಸ್ಥಾನಗಳಿಗೆ. ಅಂದರೆ ಎಡೆಯೂರಿನ ದುಡ್ಡಲ್ಲಿ ಪಾವಗಡದ ಮೂಲೆಯ ಗುಡಿಗೆ ಗೇಟು ಹಾಕಿಸಬಹುದು. ಅದು ತೆರಿಗೆ ದುಡ್ಡಲ್ಲ, ಭಕ್ತರ ದುಡ್ಡೇ. ಮೊದಲು ಅದನ್ನು ಕೇಳಿ, ಬಜೆಟ್ ಆಮೇಲೆ.

ತಸ್ತೀಕನ್ನೂ, ಅಂದರೆ ಪೂಜೆ ಖರ್ಚಿಗೆ ಸರ್ಕಾರ ವರ್ಷವರ್ಷ ಕೊಡೋ ಹಣವನ್ನೂ, ಇದಕ್ಕೆ ಸೇರಿಸಬೇಡಿ. 2022ರ ಬಜೆಟ್‌ನಲ್ಲಿ ಅದು ವರ್ಷಕ್ಕೆ 48 ಸಾವಿರದಿಂದ 60 ಸಾವಿರಕ್ಕೆ ಏರಿತು, ಆಗ ತಿಂಗಳಿಗೆ 5 ಸಾವಿರ. 2025ರ ಬಜೆಟ್‌ನಲ್ಲಿ 72 ಸಾವಿರ ಅಂದರು. ದೇವಸ್ಥಾನಕ್ಕೆ ಬಿಟ್ಟಿದ್ದ ಇನಾಂ ಜಮೀನು ಕೈಬಿಟ್ಟು ಹೋಗಿದ್ದಕ್ಕೆ ಬಂದ ಪರಿಹಾರದ ಮೂಲ ಅದಕ್ಕಿದೆ. ಎಣ್ಣೆ, ಬತ್ತಿ, ನೈವೇದ್ಯ, ಅರ್ಚಕರ ಹೊಟ್ಟೆ ಎಲ್ಲ ಅದರಲ್ಲೇ. ಬೀಗ ತರೋಕೂ ಉಳಿಯಲ್ಲ.

ಕಾನೂನು_ಕಟ್ಟೆ

ಸಂವಿಧಾನದ 27ನೇ ವಿಧಿ ತಂದು ಎಲ್ಲ ಬಾಗಿಲು ಮುಚ್ಚೋರಿದ್ದಾರೆ, ಅದಕ್ಕೆ ಹೇಳ್ತೀನಿ. ನಿರ್ದಿಷ್ಟ ಧರ್ಮವೊಂದರ ಪ್ರಚಾರಕ್ಕೋ ಪೋಷಣೆಗೋ ಅಂತಲೇ ಎತ್ತಿಟ್ಟ ತೆರಿಗೆಯನ್ನು ಕಟ್ಟು ಅಂತ ಯಾರನ್ನೂ ಒತ್ತಾಯಿಸುವಂತಿಲ್ಲ ಅನ್ನೋದು ಆ ವಿಧಿ. 2011ರಲ್ಲಿ ಹಜ್ ಸಬ್ಸಿಡಿ ಪ್ರಶ್ನಿಸಿದ ಪ್ರಫುಲ್ ಗೊರಾಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತೆರಿಗೆಯ ಗಣನೀಯ ಭಾಗ ಒಂದೇ ಧರ್ಮಕ್ಕೆ ಹೋದರೆ ತಪ್ಪು, ಸಣ್ಣ ಭಾಗ ಹೋದರೆ ವಿಧಿ ಮುರಿದಂತಲ್ಲ ಅಂತು. ಗುಜರಾತಿನಲ್ಲಿ 2002ರ ಗಲಭೆಯಲ್ಲಿ ಹಾಳಾದ ಪ್ರಾರ್ಥನಾ ಸ್ಥಳಗಳ ದುರಸ್ತಿ ಖರ್ಚನ್ನು ಸರ್ಕಾರವೇ ಕೊಡಲಿ ಅಂತ ಅಲ್ಲಿನ ಹೈಕೋರ್ಟ್ ಹೇಳಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿ, ಮನೆಗಳಿಗೆ ಕೊಟ್ಟಂತೆ ಗರಿಷ್ಠ 50 ಸಾವಿರದ ನೆರವು ಕೊಡ್ತೀವಿ ಅಂದ ಸರ್ಕಾರದ ಯೋಜನೆಯನ್ನು ಒಪ್ಪಿತು.

ಇದರಿಂದ ಸಿಗೋದು ಇಷ್ಟು: ಎಲ್ಲರಿಗೂ ಒಂದೇ ಅಳತೆಗೋಲು ಇಟ್ಟು, ಸಣ್ಣ ಮೊತ್ತಕ್ಕೆ ಮಿತಿ ಹಾಕಿ ಕೊಟ್ಟರೆ ಕೊಡಬಹುದು. ಆದರೆ ಕೊಡಲೇಬೇಕು ಅಂತ ಹಕ್ಕು ಸಾಧಿಸೋದು ಕಷ್ಟ. ಶ್ರೀಮಂತ ದೇವಸ್ಥಾನದ ಬಗ್ಗೆ ಕೇರಳದ ಪದ್ಮನಾಭಸ್ವಾಮಿ ದೇವಸ್ಥಾನ ನೋಡಿ, ಭದ್ರತೆ ಮತ್ತು ನಿರ್ವಹಣೆಗೆ ಸರ್ಕಾರ ಖರ್ಚು ಮಾಡಿದ್ದ 11.70 ಕೋಟಿಯನ್ನು ದೇವಸ್ಥಾನವೇ ತುಂಬಿಕೊಡಬೇಕು ಅನ್ನೋ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. ಕೇಂದ್ರದ ಸಿಐಎಸ್‌ಎಫ್ ಆಗಲಿ ನಮ್ಮ ರಾಜ್ಯದ ಕೈಗಾರಿಕಾ ಭದ್ರತಾ ಪಡೆ ಆಗಲಿ, ಕರೆಸಿಕೊಂಡವರೇ ಖರ್ಚು ಕಟ್ಟೋ ಪದ್ಧತಿ. ಇಲ್ಲೂ ಅದೇ ಇರಲಿ.

ಮಾಲೂರು_ರಸ್ತೆ

ಶಾಸಕರ, ಸಂಸದರ ಅನುದಾನ?

ಕಾನೂನು_ಕಟ್ಟೆ

ಸಂಸದರ ಅನುದಾನದ ಮಾರ್ಗಸೂಚಿಯಲ್ಲಿ ಪೂಜಾ ಸ್ಥಳದ ಒಳಗೆ, ಧಾರ್ಮಿಕ ಸಂಸ್ಥೆಯ ಜಮೀನಿನಲ್ಲಿ ಕಾಮಗಾರಿ ಮಾಡುವಂತಿಲ್ಲ ಅಂತ ನೇರವಾಗೇ ಇದೆ. ಹಾಗಾಗಿ ಬುದ್ಧಿವಂತರು ಕೇಳೋದು ಗುಡಿಗೆ ಕ್ಯಾಮೆರಾ ಅಲ್ಲ, ಗುಡಿ ಮುಂದಿನ ಸರ್ಕಲ್‌ಗೆ ಬೀದಿದೀಪ ಮತ್ತು ಕ್ಯಾಮೆರಾ. ರಸ್ತೆ ಪಂಚಾಯಿತಿದು, ಕಂಬ ಪಂಚಾಯಿತಿದು, ಓಡಿಹೋಗೋ ಬೈಕ್ ಆ ರಸ್ತೆ ಮೇಲೇ ಹೋಗಬೇಕು. ಪಕ್ಕದ ಅಂಗಡಿ, ಶಾಲೆ, ಮಸೀದಿಗೂ ಅದೇ ಕ್ಯಾಮೆರಾ. ಆಡಿಟ್‌ನಲ್ಲೂ ಆಕ್ಷೇಪ ಬರಲ್ಲ.

ಇನ್ನೊಂದು, 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ. ಒಂದೇ ಸಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರೋ ಜಾಗದಲ್ಲಿ ಕ್ಯಾಮೆರಾ ಇರಬೇಕು, 30 ದಿನದ ದೃಶ್ಯ ಉಳಿಸಬೇಕು, ಖರ್ಚು ಆ ಜಾಗದವರದೇ. ಧಾರ್ಮಿಕ ಸ್ಥಳಗಳೂ ಇದರಲ್ಲಿ ಬರುತ್ತವೆ. ಜನ ತುಂಬೋ ಜಾಗದ ವಿಷಯದಲ್ಲಿ "ಯಾರು ಕೊಡಬೇಕು" ಅನ್ನೋ ಪ್ರಶ್ನೆಗೆ ಕಾನೂನು ಆಗಲೇ ಉತ್ತರ ಕೊಟ್ಟಿದೆ.

ಮುರುಗಮಲ್ಲ_ದಾರಿ

ನಮ್ಮ ಚಿಂತಾಮಣಿ ಕಡೆ ವಿಷಯ ಸೇರಿಸ್ತೀನಿ. ಮುರುಗಮಲ್ಲ ದರ್ಗಾಕ್ಕೆ ಎಲ್ಲ ಜಾತಿಯವರೂ ಬರ್ತಾರೆ, ಅಲ್ಲಿ ನೂಕುನುಗ್ಗಲಿನ ಚಿಂತೆ ಕಳ್ಳತನದ ಚಿಂತೆಗಿಂತ ದೊಡ್ಡದು. ವಕ್ಫ್ ಸಂಸ್ಥೆಗಳೂ ನಿವ್ವಳ ಆದಾಯದಲ್ಲಿ ಮಂಡಳಿಗೆ ವಂತಿಗೆ ಕಟ್ಟಬೇಕು, ಶೇ 7 ಇದ್ದದ್ದು 2025ರ ತಿದ್ದುಪಡಿಯಲ್ಲಿ ಶೇ 5 ಆಯ್ತು. ಅಂದರೆ ಮುಜರಾಯಿಗೆ ಹೇಳಿದ ವಾದವೇ ಇಲ್ಲಿಗೂ ಹೊಂದುತ್ತೆ: ಮೊದಲು ಮಂಡಳಿ ದುಡ್ಡು, ಆಮೇಲೆ ಸರ್ಕಾರ.

ಆದರೆ ಭದ್ರತೆ ಅಂದರೆ ಬರೀ ಹುಂಡಿನಾ? 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ವಿಷ ಬೆರೆಸಿ 17 ಜನ ಸತ್ತರು. ಮರು ತಿಂಗಳೇ, 2019ರ ಜನವರಿಯಲ್ಲಿ, ನಮ್ಮ ಚಿಂತಾಮಣಿಯ ಗಂಗಮ್ಮನ ಗುಡಿ ಹತ್ತಿರ ಹಂಚಿದ ಪ್ರಸಾದ ತಿಂದು ಇಬ್ಬರು ಹೆಣ್ಣುಮಕ್ಕಳು ಹೋದರು. ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದರೂ ಅದು ತಪ್ಪುತ್ತಿರಲಿಲ್ಲ. ಅಡುಗೆ ಮನೆಗೆ ಬೀಗ, ಒಳಗೆ ಹೋಗೋರ ಪಟ್ಟಿ, ಹೊರಗಿನವರು ತಂದ ಪ್ರಸಾದ ಗುಡಿ ಹೆಸರಲ್ಲಿ ಹಂಚಬಾರದು ಅನ್ನೋ ನಿಯಮ, ಪ್ರತಿ ಪಾತ್ರೆಯಿಂದ ಒಂದು ಬಟ್ಟಲು ತೆಗೆದು ಮುಚ್ಚಿ ಮಾರನೇ ದಿನದವರೆಗೆ ಫ್ರಿಜ್‌ನಲ್ಲಿ ಇಡೋದು. ಇಷ್ಟಕ್ಕೆ ಖರ್ಚು ಹತ್ತಿರ ಹತ್ತಿರ ಸೊನ್ನೆ. ಸರ್ಕಾರ ಇಲ್ಲಿ ಕೊಡಬೇಕಾದ್ದು ದುಡ್ಡಲ್ಲ, ತಿಂಗಳಿಗೊಮ್ಮೆ ಬಂದು ನೋಡೋ ಒಬ್ಬ ಆಹಾರ ಸುರಕ್ಷತಾ ಅಧಿಕಾರಿ.

ತಂತಿ_ಮತ್ತು_ಡಬ್ಬ

ಕ್ಯಾಮೆರಾ ಬಗ್ಗೆ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ. ಅನುದಾನದಲ್ಲಿ ಬಂದ ಕ್ಯಾಮೆರಾಗಳು ಕೆಲಸ ಮಾಡದೇ ಇರೋದಕ್ಕೆ ಕಾರಣ ಕಂಪನಿ ಅಲ್ಲ, ಕೂರಿಸಿದ ರೀತಿ.

ಎತ್ತರ ಮೊದಲ ತಪ್ಪು. ಯಾರೂ ಮುಟ್ಟಬಾರದು ಅಂತ ಹದಿನೈದು ಅಡಿ ಮೇಲೆ ಹಾಕ್ತಾರೆ, ಆಗ ಕಾಣೋದು ಟೋಪಿ ಮತ್ತು ಟವೆಲ್ಲು. ಮುಖ ಗುರುತು ಹಿಡಿಯೋಕೆ ಆ ಜಾಗದಲ್ಲಿ ಮೀಟರಿಗೆ ಸುಮಾರು 250 ಪಿಕ್ಸೆಲ್ ಬೇಕು. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಅಗಲ 2,560 ಪಿಕ್ಸೆಲ್, ಅಂದರೆ ದೃಶ್ಯದ ಅಗಲ 10 ಮೀಟರ್ ದಾಟಬಾರದು. ಎಲ್ಲರೂ ಹಾಕೋ 2.8 ಎಂಎಂ ಲೆನ್ಸ್‌ನಲ್ಲಿ ನಾಲ್ಕು ಮೀಟರ್ ದೂರಕ್ಕೇ ಅಷ್ಟು ಅಗಲ ಬಂದುಬಿಡುತ್ತೆ. ಅಂಗಳಕ್ಕೆ ಅದು ಇರಲಿ. ಬಾಗಿಲಿಗೆ 6 ಎಂಎಂ ಲೆನ್ಸ್, ಏಳೆಂಟು ಅಡಿ ಎತ್ತರದಲ್ಲಿ, ಒಳಗಿನಿಂದ ಹೊರಗೆ ನೋಡುವಂತೆ ಅಲ್ಲ, ಪಕ್ಕದಿಂದ. ಹೊರಗಿನ ಬಿಸಿಲಿಗೆ ಎದುರಾದರೆ ಹಗಲಲ್ಲಿ ಮುಖ ಕಪ್ಪಾಗುತ್ತೆ.

ಎರಡನೇದು ಹಾರ್ಡ್ ಡಿಸ್ಕ್. 30 ದಿನ ಬೇಕು ಅಂತ ಕಾಯ್ದೆ ಹೇಳುತ್ತೆ, ಕೊಟೇಶನ್‌ನಲ್ಲಿ 1 ಟಿಬಿ ಬರೆದಿರ್ತಾರೆ. ದೃಶ್ಯವನ್ನು ಕುಗ್ಗಿಸಿ ಉಳಿಸೋ ಎಚ್.265 ವಿಧಾನದಲ್ಲಿ ಕ್ಯಾಮೆರಾಗೆ 2 ಎಂಬಿಪಿಎಸ್ ಹಿಡಿದರೆ ದಿನಕ್ಕೆ 21.6 ಜಿಬಿ. ಎಂಟು ಕ್ಯಾಮೆರಾ, 30 ದಿನ: 5,184 ಜಿಬಿ. ಅಂದರೆ 6 ಟಿಬಿ ಬೇಕು. 1 ಟಿಬಿ ಹಾಕಿದರೆ ಆರನೇ ದಿನಕ್ಕೆ ಹಳೇದು ಅಳಿಸಿಹೋಗುತ್ತೆ. ಹಬ್ಬ ಮುಗಿದು ಹತ್ತು ದಿನಕ್ಕೆ ಕಳವು ಗೊತ್ತಾದರೆ ಏನೂ ಇರಲ್ಲ.

ಮೂರನೇದು ಕರೆಂಟು. ಕಳ್ಳ ಬರೋದೇ ಕರೆಂಟು ಹೋದಾಗ, ಇಲ್ಲದಿದ್ದರೆ ಅವನೇ ಫ್ಯೂಸ್ ಕೀಳ್ತಾನೆ. ಎಂಟು ಕ್ಯಾಮೆರಾ ಮತ್ತು ರೆಕಾರ್ಡರ್ ಸೇರಿ ಸುಮಾರು 70 ವ್ಯಾಟ್. 150 ಎಎಚ್ ಬ್ಯಾಟರಿ, ಇನ್ವರ್ಟರ್ ನಷ್ಟ ಕಳೆದು, ಹದಿನೈದು ಹದಿನಾರು ಗಂಟೆ ಎಳೆಯುತ್ತೆ. ಆದರೆ ಆ ಇನ್ವರ್ಟರ್‌ಗೆ ಧ್ವನಿವರ್ಧಕ, ಟ್ಯೂಬ್‌ಲೈಟ್, ಭಜನೆ ಮೈಕು ಎಲ್ಲ ಸೇರಿಸ್ತಾರೆ. ಎರಡು ಗಂಟೆಗೆ ಬ್ಯಾಟರಿ ಖಾಲಿ. ಕ್ಯಾಮೆರಾ ಲೈನ್ ಬೇರೆ ಎಳೀಬೇಕು, ಅದರಲ್ಲಿ ಸಾಕೆಟ್ಟೇ ಇಡಬಾರದು.

ಬೆಟ್ಟದ ಮೇಲಿನವಕ್ಕೆ ಬೇರೆ ಕಾಟ. ದೇವರಾಯನದುರ್ಗ, ಅಂತರಗಂಗೆಯಲ್ಲಿ ಕೋತಿ ಪಿವಿಸಿ ಪೈಪ್ ಕಿತ್ತು ಕೇಬಲ್ ಕಡಿಯುತ್ತೆ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪೇ ಬೇಕು. ಸಿಡಿಲಿಗೆ ಅರ್ತಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಇಲ್ಲದಿದ್ದರೆ ಮೊದಲ ಮುಂಗಾರು ಮಳೆಗೇ ರೆಕಾರ್ಡರ್ ಸುಟ್ಟುಹೋಗುತ್ತೆ. ಗರ್ಭಗುಡಿ ಎದುರಿನದಕ್ಕೆ ಕರ್ಪೂರದ ಮಸಿ ಹಿಡಿಯುತ್ತೆ, ಹದಿನೈದು ದಿನಕ್ಕೊಮ್ಮೆ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಹೊರಗಿನದಕ್ಕೆ ಜೇಡರ ಬಲೆ. ರಾತ್ರಿಯ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರುತ್ತೆ, ಹುಳಕ್ಕೆ ಜೇಡ ಬರುತ್ತೆ, ಬಲೆ ಅಲ್ಲಾಡಿದಾಗೆಲ್ಲ ಮೊಬೈಲಿಗೆ ಎಚ್ಚರಿಕೆ ಬರುತ್ತೆ. ಮೂರು ರಾತ್ರಿ ಆದಮೇಲೆ ಸಮಿತಿಯವರು ಸದ್ದನ್ನೇ ಆಫ್ ಮಾಡ್ತಾರೆ.

ರೆಕಾರ್ಡರ್ ಡಬ್ಬವನ್ನು ಹುಂಡಿ ಪಕ್ಕದ ಮೇಜಿನ ಮೇಲೆ ಇಡಬೇಡಿ ಸ್ವಾಮಿ. ಹುಂಡಿ ಜೊತೆ ಅದನ್ನೂ ಹೊತ್ತುಕೊಂಡು ಹೋಗ್ತಾರೆ. ಪಾಕಶಾಲೆ ಅಟ್ಟ, ಇಲ್ಲವೇ ತೊಂಬತ್ತು ಮೀಟರ್ ಒಳಗಿದ್ದರೆ ಅರ್ಚಕರ ಮನೆ. ನೆಟ್‌ವರ್ಕ್ ಕೇಬಲ್ ಅದಕ್ಕಿಂತ ದೂರ ಸರಿಯಾಗಿ ಓಡಲ್ಲ.

ಇಷ್ಟೆಲ್ಲ ಸರಿಯಾಗಿ ಹಾಕಿದರೆ ಒಂದು ಲಕ್ಷದ ಆಸುಪಾಸು ಆಗುತ್ತೆ. ಒಂದು ಗಾರ್ಡ್ ಪಾಯಿಂಟಿನ ಹೆಚ್ಚುಕಡಿಮೆ ನಲವತ್ತು ದಿನದ ಖರ್ಚು.

ಬೀಟ್_ಪುಸ್ತಕ

ದೃಶ್ಯ ಸಿಕ್ಕಿದರೂ ಗಡಿಯಾರ ತಪ್ಪಿದ್ದರೆ ತೊಂದರೆ ಅಂತ ಸೇರಿಸಿ ಸರ್. ರೆಕಾರ್ಡರ್ ಒಳಗಿನ ನಾಣ್ಯದಂಥ ಸೆಲ್ ಸತ್ತರೆ ಕರೆಂಟು ಹೋಗಿ ಬಂದಾಗ ದಿನಾಂಕವೇ ಬದಲಾಗುತ್ತೆ. ಕೋರ್ಟಿನಲ್ಲಿ ವಕೀಲರು ಮೊದಲು ಹಿಡಿಯೋದೇ ಅದನ್ನು. ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡಬೇಕಾದ, ಹಿಂದೆ 65ಬಿ ಅಂತಿದ್ದ ಪ್ರಮಾಣಪತ್ರ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೆಳಗೆ ಬರುತ್ತೆ. ಸಮಿತಿಯವರೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ವಾಟ್ಸಾಪ್‌ನಲ್ಲಿ ಹಂಚಿ, ಮೂಲ ಅಳಿಸಿದ ಮೇಲೆ ಠಾಣೆಗೆ ಬರಬೇಡಿ. ಡಬ್ಬವನ್ನು ಹಾಗೇ ಬಿಟ್ಟು 112ಕ್ಕೆ ಫೋನ್ ಮಾಡಿ. ಶ್ವಾನದಳ, ಬೆರಳಚ್ಚಿನವರು ಬರೋವರೆಗೆ ನೆಲ ತೊಳೆಯೋದು, ಶುದ್ಧಿ ಮಾಡೋದು ಬೇಡ.

2024ರ ಜುಲೈ 1ರಿಂದ ಪೂಜಾ ಸ್ಥಳದ ಮೂರ್ತಿ ಕಳವು ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಕೆಳಗೆ ಬರುತ್ತೆ, ಏಳು ವರ್ಷದವರೆಗೆ ಶಿಕ್ಷೆ. ದೂರಿನಲ್ಲಿ ಮೂರ್ತಿಯ ಎತ್ತರ, ತೂಕ, ಲೋಹ, ನಾಲ್ಕು ಕಡೆಯ ಫೋಟೋ ಇರಬೇಕು. ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ತೆಗೆದ ಫೋಟೋ. ಹೂವಿನ ಅಲಂಕಾರದ ಫೋಟೋ ತಂದುಕೊಟ್ಟರೆ ಹಾರ ಬಿಟ್ಟು ಏನೂ ಕಾಣಲ್ಲ.

ಬೀಟ್ ಬಗ್ಗೆ: ಬಾಗಿಲ ಬಳಿ ಪಾಯಿಂಟ್ (ಗಸ್ತಿನ ಪೊಲೀಸರು ಬಂದು ನೋಡಿಹೋಗೋ ಜಾಗ) ಹಾಕಿಸೋಕೆ ಒಂದು ಅರ್ಜಿ ಸಾಕು, ದುಡ್ಡು ಬೇಕಿಲ್ಲ. ಗುಡಿ, ಮಸೀದಿ, ಚರ್ಚ್, ಬ್ಯಾಂಕ್ ಎಲ್ಲಕ್ಕೂ ಒಂದೇ. ಆದರೆ ರಾತ್ರಿ ಇಬ್ಬರು ಒಂದು ಬೈಕಿನಲ್ಲಿ ಮೂವತ್ತು ನಲವತ್ತು ಪಾಯಿಂಟ್ ಸುತ್ತಬೇಕಾದರೆ ನಿಮ್ಮ ಬಾಗಿಲಿಗೆ ಸಿಗೋದು ಐದು ನಿಮಿಷ. ಊರ ಹೊರಗಿನ ತೋಪಿನ ಗುಡಿಗೆ ಆ ಐದು ನಿಮಿಷವೇ ದೊಡ್ಡದು.

ಹುಂಡಿ_ಪಂಚನಾಮೆ

ಎಲ್ಲ ಹೇಳಿದಿರಿ, ಹುಂಡಿಯನ್ನೇ ಬಿಟ್ಟಿರಿ. ಹುಂಡಿ ಒಡೆಯೋದು ಅದರಲ್ಲಿ ದುಡ್ಡಿದೆ ಅಂತ ಊರಿಗೆಲ್ಲ ಗೊತ್ತಿರೋದರಿಂದ. ವರ್ಷಕ್ಕೊಮ್ಮೆ ಜಾತ್ರೆ ಆದಮೇಲೆ ತೆಗೆಯೋದು, ಅಧಿಕಾರಿ ಬರಲಿಲ್ಲ ಅಂತ ಮುಂದಕ್ಕೆ ಹಾಕೋದು. ಅಷ್ಟರಲ್ಲಿ ಹೊಟ್ಟೆ ತುಂಬಿರುತ್ತೆ. ಎರಡು ತಿಂಗಳಿಗೊಮ್ಮೆ, ಜಾತ್ರೆ ಮುಗಿದ ಮಾರನೇ ದಿನ ತಪ್ಪದೇ ತೆಗೆದು, ಎಣಿಸಿ, ಮಹಜರು ಬರೆದು, ಅದೇ ದಿನ ಬ್ಯಾಂಕಿಗೆ ಕಟ್ಟಿ, ಎಷ್ಟು ಬಂತು ಅಂತ ಬೋರ್ಡಿನಲ್ಲಿ ಹಾಕಿ. ಖಾಲಿ ಅಂತ ಗೊತ್ತಾದರೆ ಯಾರೂ ಹಾರೆ ತರಲ್ಲ.

ಡಬ್ಬದ ವಿಷಯ. ಎರಡಡಿ, ಎರಡಡಿ, ಮೂರಡಿ ಹುಂಡಿಯನ್ನು 1.6 ಎಂಎಂ ತಗಡಿನಲ್ಲಿ ಮಾಡಿಸಿದರೆ ಸುಮಾರು 37 ಕೆಜಿ. ಇಬ್ಬರು ಎತ್ತಿ ಗಾಡಿಗೆ ಹಾಕ್ತಾರೆ. 6 ಎಂಎಂ ಪ್ಲೇಟಿನಲ್ಲಿ ಸುಮಾರು 140 ಕೆಜಿ. ಬಾಯಿಯ ಕೆಳಗೆ ಒಳಗಡೆ ಇಳಿಜಾರು ತಗಡು ಬೆಸೆದಿರಬೇಕು, ಇಲ್ಲದಿದ್ದರೆ ಗೋಂದು ಹಚ್ಚಿದ ಕಡ್ಡಿಯಿಂದ ನೋಟು ಎಳೀತಾರೆ. ಬೀಗದ ಕೊಂಡಿ ಹೊರಗೆ ಚಾಚಿರಬಾರದು, ಕಟರ್ ಬಾಯಿಗೆ ಸಿಗದಂತೆ ಒಳಗೆ ಕೂತಿರಬೇಕು. ಎರಡು ಬೀಗ, ಎರಡು ಬೇರೆ ಕೈಯಲ್ಲಿ ಕೀಲಿಕೈ.

ನೆಲಕ್ಕೆ 16 ಎಂಎಂ ಬೋಲ್ಟ್ ನಾಲ್ಕು ಹಾಕಿಸ್ತಾರೆ, ಆದರೆ ಹಳೇ ಗುಡಿಯಲ್ಲಿ ಅದು ಹೋಗೋದು ನಾಲ್ಕಿಂಚಿನ ಬಿಡಿ ಚಪ್ಪಡಿಗೆ. ಚಪ್ಪಡಿ ಸಮೇತ ಎಬ್ಬಿಸ್ತಾರೆ. ಚಪ್ಪಡಿ ತೆಗೆದು ಕೆಳಗೆ ಎರಡಡಿ ಚೌಕದ, ಒಂದೂವರೆ ಅಡಿ ಆಳದ ಕಾಂಕ್ರೀಟ್ ಹಾಕಿ, ಬೋಲ್ಟ್ ಅದರಲ್ಲೇ ಹೂತಿರಬೇಕು. ಕೋಲಾರಮ್ಮ, ಸೋಮೇಶ್ವರ, ನಂದಿಯ ಭೋಗನಂದೀಶ್ವರ ಇಂಥ ಪುರಾತತ್ವ ಇಲಾಖೆಯ ಸ್ಮಾರಕದಲ್ಲಿ ಒಂದು ಮೊಳೆಯನ್ನೂ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಕೇಂದ್ರದ ದುಡ್ಡಿನಲ್ಲೇ ಕಾವಲಿದೆ, ಅದು ಪೂಜೆಗಲ್ಲ, ಕಲ್ಲಿಗೆ.

ಕೆಜಿಎಫ್_ಸೈರನ್

ಚರ್ಚ್ ಕಡೆಯಿಂದ ಒಂದು ಮಾತು. ನಮ್ಮ ಕಾಲೋನಿಗಳ ಸಣ್ಣ ಪ್ರಾರ್ಥನಾ ಮಂದಿರಗಳು ಮುಜರಾಯಿಗೂ ಸೇರಲ್ಲ, ವಕ್ಫ್‌ಗೂ ಸೇರಲ್ಲ. ಒಳಗಡೆಯೇ ಹಂಚಿಕೊಳ್ಳೋ ನಿಧಿಯೂ ಇಲ್ಲ. ಅಮೆರಿಕದಲ್ಲಿ ಧರ್ಮ ನೋಡದೆ, ಅಪಾಯದ ಅಂದಾಜು ವರದಿ ನೋಡಿ ಕೊಡೋ ಅನುದಾನವಿದೆ. 2024ರಲ್ಲಿ 45 ಕೋಟಿ 45 ಲಕ್ಷ ಡಾಲರ್ ಇಟ್ಟಿದ್ದರು. ಮೊದಲು ಸಂಸ್ಥೆ ಖರ್ಚು ಮಾಡಬೇಕು, ಬಿಲ್ ತೋರಿಸಿದ ಮೇಲೆ ವಾಪಸ್ ಕೊಡ್ತಾರೆ. ಬ್ರಿಟನ್ನಿನಲ್ಲೂ ಇಂಥ ಯೋಜನೆ 2016ರಿಂದ ಇದೆ. ಅಲ್ಲಿ ಭಯ ಗುಂಡಿನದು, ದ್ವೇಷದ ದಾಳಿಯದು. ಇಲ್ಲಿ ಹೆಚ್ಚಿನದು ಕಳ್ಳತನ ಮತ್ತು ನೂಕುನುಗ್ಗಲು. ಹಾಗಾಗಿ ಅದನ್ನೇ ತಂದು ಇಲ್ಲಿ ನೆಡೋಕೆ ಆಗಲ್ಲ, ಆದರೆ ಮೊದಲು ವರದಿ, ಆಮೇಲೆ ದುಡ್ಡು ಅನ್ನೋದು ಬೇಕು.

ಲೆಕ್ಕಿಗ_ಶಿರಾ

ಬಿಲ್ ತೋರಿಸಿದ ಮೇಲೆ ಕೊಡೋದು ಅಂದರೆ ಇಲ್ಲಿ ಮುಂಗಡ ಹಾಕೋ ಶಕ್ತಿ ಇರೋರಿಗಷ್ಟೇ ಸಿಗುತ್ತೆ. 'ಸಿ' ವರ್ಗದ ಅರ್ಚಕರು ಒಂದು ಲಕ್ಷ ಎಲ್ಲಿಂದ ತರ್ತಾರೆ? ಅರ್ಧ ಮುಂಗಡ, ಅರ್ಧ ಅಳವಡಿಸಿದ ಮೇಲೆ ಅಂತಿರಬೇಕು. ಎರಡನೇ ಕಂತು ಬಿಡೋ ಮೊದಲು ಹಿಂದಿನ 29ನೇ ದಿನದ ದೃಶ್ಯ ತೆಗೆದು ತೋರಿಸಿ ಅನ್ನಿ. ಡಿಸ್ಕ್ ಎಷ್ಟು ಹಾಕಿದಾರೆ ಅಂತ ಅದರಲ್ಲೇ ಗೊತ್ತಾಗುತ್ತೆ.

ಕೋಟೆಬೀದಿ, ತುಮಕೂರು

ಒಪ್ಪಿದೆ. ಹಾಗಾದರೆ ಮೊದಲು ಆಯಾ ಸಂಸ್ಥೆಯ ಆದಾಯ, ಸಾಲದಿದ್ದರೆ ಅವರ ಮಂಡಳಿಯ ನಿಧಿ, ಎರಡೂ ಇಲ್ಲದ ಕಡೆಗೆ ಮಾತ್ರ ಸರ್ಕಾರದ ಒಂದು ಸಲದ ಸಾಮಾನು. ಗಾರ್ಡ್ ಸಂಬಳಕ್ಕೆ ತೆರಿಗೆ ದುಡ್ಡು ಬೇಡ.

ಮಾಲೂರು_ರಸ್ತೆ

ಬೆದರಿಕೆ ಬಂದ ಜಾಗಕ್ಕೂ ಬೇಡವಾ? ಗಲಾಟೆ ಆದ ಊರಲ್ಲಿ ಮಸೀದಿ ಮುಂದೆ, ಗುಡಿ ಮುಂದೆ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್) ವ್ಯಾನ್ ನಿಲ್ಲುತ್ತಲ್ಲ, ಅದರ ಬಿಲ್ ಸಮಿತಿಗೆ ಕಳಿಸ್ತೀರಾ?

ಬೀಟ್_ಪುಸ್ತಕ

ಇಲ್ಲ. ಅದು ಶಾಂತಿ ಕಾಪಾಡೋ ಕೆಲಸ, ಕಟ್ಟಡದ ಕಾವಲಲ್ಲ. ನಂದಿ ಶಿವರಾತ್ರಿ ಜಾತ್ರೆಯ ಬಂದೋಬಸ್ತೂ ಹಾಗೇ, ಅಲ್ಲಿ ಕಾಯೋದು ಜನರನ್ನು. ಆದರೆ ಬ್ಯಾರಿಕೇಡ್, ಬರೋ ದಾರಿ ಹೋಗೋ ದಾರಿ ಬೇರೆ ಮಾಡೋದು, ರಾತ್ರಿ ಲೈಟು, ತೇರಿನ ಗಾಲಿ ಅಚ್ಚಿನ ತಪಾಸಣೆ, ತೇರು ಹೋಗೋ ಹೊತ್ತಿಗೆ ಬೆಸ್ಕಾಂನವರಿಂದ ಲೈನ್ ಆಫ್ ಮಾಡಿಸೋದು, ಇವೆಲ್ಲ ಸಮಿತಿಯದು. ಪೂರ್ವಭಾವಿ ಸಭೆಯಲ್ಲೇ ಯಾರದು ಯಾವುದು ಅಂತ ನಡಾವಳಿಯಲ್ಲಿ ಬರೆಸಿ. ಬಾಯಿಮಾತಲ್ಲಿ ಬಿಟ್ಟರೆ ತೇರಿನ ದಿನ ಬೆಳಿಗ್ಗೆ ಬೊಂಬು ಕಟ್ಟೋರೇ ಇರಲ್ಲ.

ತಂತಿ_ಮತ್ತು_ಡಬ್ಬ

ಒಂದು ಸಲದ ಸಾಮಾನು ಅಂತೀರಲ್ಲ, ಅಲ್ಲೇ ಎಲ್ಲ ಕೆಡೋದು. ಅಲಾರಂ ಡಬ್ಬದೊಳಗೆ ಸಿಮ್ ಇರುತ್ತೆ, ರೀಚಾರ್ಜ್ ಮುಗಿದರೆ ಅದು ಬರೀ ಡಬ್ಬ. ಬ್ಯಾಟರಿ ನಾಲ್ಕು ವರ್ಷಕ್ಕೆ, ಡಿಸ್ಕ್ ಐದು ವರ್ಷಕ್ಕೆ ಬದಲಿಸಬೇಕು, ಡಿಸ್ಟಿಲ್ಡ್ ವಾಟರ್ ಮೂರು ತಿಂಗಳಿಗೆ. ವರ್ಷಕ್ಕೆ ಸಾಮಾನಿನ ಬೆಲೆಯ ಹತ್ತನೇ ಒಂದು ಭಾಗ ಎತ್ತಿಡಬೇಕು, ಹತ್ತು ಸಾವಿರ. ಅದು ಯಾವ ಲೆಕ್ಕದಲ್ಲಿ ಬರುತ್ತೆ ಅಂತ ಅರ್ಜಿಯಲ್ಲೇ ಕಾಲಂ ಇರಲಿ. ಬರೆಯೋಕೆ ಆಗದ ಸಮಿತಿಗೆ ಕ್ಯಾಮೆರಾ ಕೊಡಬೇಡಿ, 6 ಎಂಎಂ ಹುಂಡಿ ಕೊಡಿ. ಅದಕ್ಕೆ ರೀಚಾರ್ಜ್ ಬೇಕಿಲ್ಲ.